ಅಲ್ಲಾಡ್ಬೇಡಿಯವರ ಮೊದಲ ಲೆನ್ಸು

ನನ್ನ ಗಂಡನನ್ನು ಊರಿನವರು ಹೆಸರು ಹಿಡಿದು ಕರೆದದ್ದು ಕಡಿಮೆ. ‘ಅಲ್ಲಾಡ್ಬೇಡಿ’ ಎಂದೇ ಕರೆಯುತ್ತಿದ್ದರು. ಅವರದು ಕನ್ನಡಕದ ಅಂಗಡಿ. ಬಂದವರ ಮುಖಕ್ಕೆ ಕನ್ನಡಕ ಕೂರಿಸುವಾಗ ಬೆಳಗಿನಿಂದ ಸಂಜೆಯವರೆಗೆ ಅವರ ಬಾಯಲ್ಲಿ ಇದ್ದದ್ದು ಅದೊಂದೇ ಮಾತು. ದೊಡ್ಡ ಸಾಹೇಬರು ಬಂದರೂ “ಅಲ್ಲಾಡ್ಬೇಡಿ”, ಮೂಗು ಸೋರುವ ಮಗು ಬಂದರೂ “ಅಲ್ಲಾಡ್ಬೇಡಿ”. ಹೊಸಬರು ಬೀದಿಯಲ್ಲಿ ನಿಂತು ಅಲ್ಲಾಡ್ಬೇಡಿಯವರ ಅಂಗಡಿ ಯಾವುದು ಎಂದು ಕೇಳಿದರೆ ಯಾರೂ ನಗುತ್ತಿರಲಿಲ್ಲ. ದಾರಿ ತೋರಿಸುತ್ತಿದ್ದರು.

ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ನನಗೆ ಬರೆದು ಅಭ್ಯಾಸವಿಲ್ಲ. ಕಂಡದ್ದನ್ನು ಹೇಳುತ್ತೇನೆ.

ಎಲ್ಲ ಕನ್ನಡಕದ ಅಂಗಡಿಗಳ ಹಾಗೆ ಅಲ್ಲಿಯೂ ಗೋಡೆಯ ಮೇಲೆ ಅಕ್ಷರದ ಬೋರ್ಡು ಇತ್ತು. ಅದಕ್ಕೆ ಮೊದಲು ಅವರದೊಂದು ಪ್ರಶ್ನೆ. “ನೀವು ದಿನಾ ಏನು ನೋಡ್ತೀರಿ? ಎಷ್ಟು ದೂರದಿಂದ?” ಬಾಯಲ್ಲಿ ಉತ್ತರ ಹೇಳಿದರೆ ಸಾಲದು. ದರ್ಜಿಯಾದರೆ ಸೂಜಿ ಬಟ್ಟೆ ತರಬೇಕು. ಗಡಿಯಾರ ರಿಪೇರಿಯವನು ಗಡಿಯಾರ ತರಬೇಕು. ಕೆಲಸ ಮಾಡುವ ಹಾಗೆಯೇ ಕೂರಿಸಿ, ಕಣ್ಣಿನಿಂದ ಸೂಜಿಯವರೆಗೆ ಒಂದು ದಾರ ಹಿಡಿದು, ಆ ದಾರದ ಉದ್ದಕ್ಕೆ ಹೊಂದುವ ಗಾಜು ಆರಿಸುತ್ತಿದ್ದರು. ಒಬ್ಬ ಬಸ್ ಡ್ರೈವರ್ ಸಿಟ್ಟಿಗೆದ್ದು, “ನಾನೇನು ಬಸ್ಸನ್ನ ಒಳಗೆ ತಂದು ನಿಲ್ಲಿಸ್ಲಾ?” ಎಂದು ಕೇಳಿದ. ಇವರು ದಾರ ಹಿಡಿದುಕೊಂಡು ಹೋಗಿ ಅವನ ಬಸ್ ಹತ್ತಿದರು. ಜನ ತುಂಬಿದ ಬಸ್ಸು. ಎಲ್ಲರೂ ನೋಡುತ್ತಿರುವಾಗಲೇ ಅವನ ಮೂಗಿನಿಂದ ಮೀಟರಿನ ಮುಳ್ಳಿಗೆ ದಾರ ಎಳೆದು ಅಳೆದುಕೊಂಡು ಇಳಿದು ಬಂದರು.

ಕನ್ನಡಕ ಕೂರಿಸುವುದರಲ್ಲೂ ಅವರದೇ ಒಂದು ರೀತಿ ಇತ್ತು. ಎರಡೂ ಮೊಣಕೈ ಕೌಂಟರಿನ ಮೇಲೆ ಊರುವರು. ಕಿರುಬೆರಳನ್ನು ಎದುರಿಗೆ ಕೂತವರ ಕೆನ್ನೆಯ ಮೂಳೆಗೆ ಆನಿಸುವರು. ಹಾಗೆ ಆನಿಸಿದರೆ ಕೈ ಬೇರೆ ಮುಖ ಬೇರೆ ಅಲ್ಲ, ಅವರು ಅಲುಗಿದರೆ ಕೈಯೂ ಅವರ ಜೊತೆಗೇ ಹೋಗುತ್ತದೆ, ಕಣ್ಣಿಗೆ ಕಡ್ಡಿ ಚುಚ್ಚುವುದಿಲ್ಲ ಎನ್ನುತ್ತಿದ್ದರು. ಮೊಣಕೈ ಊರಿ ಊರಿ ಕೌಂಟರಿನ ಮರದಲ್ಲಿ ಎರಡು ಗುಳಿ ಬಿದ್ದಿದ್ದವು. ನಾನು ಒರೆಸುವಾಗ ಬಟ್ಟೆ ಅಲ್ಲಿಗೆ ಬಂದು ಇಳಿಯುತ್ತಿತ್ತು.

ಕನ್ನಡಿಯನ್ನು ಮಾತ್ರ ಕೂಡಲೇ ಕೊಡುತ್ತಿರಲಿಲ್ಲ. ಹೊಸ ಕನ್ನಡಕ ಮುಖಕ್ಕೆ ಬಿದ್ದ ಗಳಿಗೆಯಲ್ಲಿ ಮನುಷ್ಯನ ಹಣೆಯ ಗಂಟು ಬಿಚ್ಚುತ್ತದೆ. ಇಷ್ಟು ದಿನ ಕಣ್ಣು ಕಿರಿದು ಮಾಡಿ ನೋಡಿದ ಮುಖ ಸಡಿಲವಾಗುತ್ತದೆ. ಕನ್ನಡಿ ಕೊಟ್ಟರೆ ಆ ಮುಖ ಹೋಗಿ ಬೇರೆ ಮುಖ ಬರುತ್ತದಂತೆ. “ಅದೊಂದನ್ನ ನೋಡೋಕೇ ನಾನು ಅಂಗಡಿ ಇಟ್ಟಿರೋದು ಕಣೇ” ಎಂದು ಒಮ್ಮೆ ಹೇಳಿದ್ದರು. ಅವರು ಅಂಥ ಮಾತು ಆಡುವವರಲ್ಲ. ಅದಕ್ಕೇ ನೆನಪಿದೆ.

ಹೀಗಿದ್ದವರ ಕೈ ನಡುಗಲು ಶುರುವಾಯಿತು.

ಕನ್ನಡಕದ ಸ್ಕ್ರೂ ಎಳ್ಳಿಗಿಂತ ಸಣ್ಣದು. ಒಂದು ದಿನ ಅದು ಕೈಯಿಂದ ಹಾರಿ ಗಿರಾಕಿಯ ಟೀ ಲೋಟಕ್ಕೆ ಬಿತ್ತು. “ಸಕ್ಕರೆ ಸಾಕು ಅಂದಿದ್ದೆನಲ್ಲ ಸಾರ್” ಎಂದ ಆತ. ಅಂಗಡಿಯೆಲ್ಲ ನಕ್ಕಿತು. ಇವರೂ ನಕ್ಕರು. ಮನೆಗೆ ಬಂದು ಊಟ ಮಾಡಲಿಲ್ಲ. ಡಾಕ್ಟರು ನೋಡಿ, ಮಾತ್ರೆಯಿಂದ ನಿಧಾನ ಮಾಡಬಹುದು, ನಿಲ್ಲಿಸಲು ಆಗುವುದಿಲ್ಲ ಎಂದರು.

ಅವರ ತಮ್ಮ, ನನ್ನ ಮೈದುನ, ಅದೇ ಅಂಗಡಿಯಲ್ಲಿ ಅಣ್ಣನ ಕೈಕೆಳಗೆ ಕೆಲಸ ಕಲಿತವನು. ಬಾಯಿ ಉದ್ದ, ಮನಸ್ಸು ಒಳ್ಳೆಯದು. ಸ್ಕ್ರೂ ಡ್ರೈವರ್ ಅವನ ಕೈಗೆ ಹೋಯಿತು. ಇವರು ಮನೆಯಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಕೂರುವ ರೀತಿ ಮಾತ್ರ ಬದಲಾಗಲಿಲ್ಲ. ಮೇಜಿನ ಮೇಲೆ ಎರಡು ಮೊಣಕೈ. ಎದುರಿಗೆ ಗೋಡೆ. ನಾನು ಕಸ ಗುಡಿಸುತ್ತಾ ಬಂದರೆ ಕಾಲು ಎತ್ತುವರು, ಹೋದರೆ ಇಳಿಸುವರು. ಅಷ್ಟೇ ಕೆಲಸ.

ಹೀಗೇ ಮಳೆಗಾಲ ಕಳೆಯಿತು. ಒಂದು ಮಧ್ಯಾಹ್ನ ಹೊರಗೆ ಹೋದವರು ಕಂಕುಳಲ್ಲಿ ಒಂದು ಪೆಟ್ಟಿಗೆ ಇಟ್ಟುಕೊಂಡು ಬಂದರು. ಒಳಗೆ ಕ್ಯಾಮೆರಾ. ಡಿಜಿಟಲ್ ಕ್ಯಾಮೆರಾ, ಹೊಸದಾಗಿ ಕಲಿಯುವವರು ತೆಗೆದುಕೊಳ್ಳುವಂಥದ್ದು.

“ಇದ್ಯಾಕ್ರೀ ಈಗ?”

“ಸ್ಕ್ರೂ ಹಾಕೋಕೆ ಆಗಲ್ಲ. ನೋಡೋಕಾದ್ರೂ ಆಗುತ್ತಲ್ಲ.”

ಹೊರಗೆ ತೆಗೆದರೆ ಕ್ಯಾಮೆರಾದ ಮುಂದುಗಡೆ ಏನೂ ಇರಲಿಲ್ಲ. ಬರೀ ದುಂಡನೆಯ ಬಾಯಿ, ಅದಕ್ಕೊಂದು ಮುಚ್ಚಳ. ಲೆನ್ಸೇ ಇಲ್ಲ. ಕೇಳಿದ್ದಕ್ಕೆ ನನ್ನನ್ನೇ ದಡ್ಡಿಯ ಹಾಗೆ ನೋಡಿದರು.

“ಲೆನ್ಸ್ ಇವತ್ತೇ ಯಾರಾದ್ರೂ ತಗೋತಾರಾ? ಮೊದಲು ಫ್ರೇಮ್. ಅದು ಕೈಗೆ ಕೂರುತ್ತಾ ನೋಡ್ಬೇಕು. ಗಾಜು ಆಮೇಲೆ.”

ಕನ್ನಡಕದವರ ಲೆಕ್ಕ ಅದು. ಅಲ್ಲಿ ಫ್ರೇಮ್ ಆರಿಸುವ ದಿನವೇ ಬೇರೆ, ಗಾಜು ಬರುವ ದಿನವೇ ಬೇರೆ. ಕ್ಯಾಮೆರಾ ಅಂಗಡಿಯಾಕೆ ಇವರಿಗೆ ಗೊತ್ತಿದ್ದವಳು. ಲೆನ್ಸ್ ಮನೆಯಲ್ಲಿ ಇರಬೇಕು ಅಂದುಕೊಂಡು ಕೇಳದೆ ಕಟ್ಟಿಕೊಟ್ಟಿದ್ದಳು.

ಸಂಜೆ ಮೈದುನ ಬಂದ. ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಏನಣ್ಣಾ ಇದು, ತಟ್ಟೆ ತಂದ್ಬಿಟ್ಟು ಊಟ ಆಮೇಲೆ ಅಂತೀಯಲ್ಲ! ಅತ್ತಿಗೆ, ಇದಕ್ಕೆ ಫೋಟೋ ತೆಗೆಯೋಕೆ ಬರಲ್ಲ, ಉಪ್ಪು ತುಂಬಿಸಿಡಿ.”

“ನಿನ್ನ ಬಾಯಿಗಾದರೂ ಒಂದು ಮುಚ್ಚಳ ಕೊಟ್ಟಿದ್ರೆ ಚೆನ್ನಾಗಿತ್ತು” ಎಂದರು ಇವರು. ಎಷ್ಟೋ ದಿನದ ಮೇಲೆ ಅವರು ತಿರುಗಿಸಿ ಬೈದದ್ದು. ನನಗೆ ಹಿತವಾಯಿತು.

ಆದರೆ ಅವರು ಸುಮ್ಮನೆ ಕೂರಲಿಲ್ಲ. ಹಿಂದಿನ ಕಾಲದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡವರು ಬಾಟಲಿಯ ತಳದಷ್ಟು ದಪ್ಪ ಗಾಜಿನ ಕನ್ನಡಕ ಹಾಕುತ್ತಿದ್ದರು. ಯಾರೋ ಮಾಡಿಸಿ ಬಿಟ್ಟುಹೋದ ಅಂಥದ್ದೊಂದು ಮನೆಯಲ್ಲಿತ್ತು. ಅದರ ಗಾಜು ಕಳಚಿದರು. ಚಪ್ಪಲಿ ಡಬ್ಬದ ರಟ್ಟು ಸುತ್ತಿ, ಒಳಗೆ ಕಪ್ಪು ಕಾಗದ ಅಂಟಿಸಿ ಕೊಳವೆ ಮಾಡಿದರು. ಒಂದು ತುದಿಗೆ ಗಾಜು, ಇನ್ನೊಂದು ತುದಿಗೆ ಕ್ಯಾಮೆರಾ. ಅಂಟಿಸಿದ್ದು ನಾನು. ಅವರ ಕೈಯಲ್ಲಿ ಆಗುತ್ತಿರಲಿಲ್ಲ.

ನನ್ನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿದರು. ಆ ಗಾಜು ತಿರುಗುವುದಿಲ್ಲ, ಹಿಗ್ಗುವುದಿಲ್ಲ. ಅವರೇ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಹೋಗಿ ಹೋಗಿ ನನ್ನ ಮುಖ ಸರಿಯಾಗಿ ಕಾಣುವ ಜಾಗ ಹುಡುಕಿದರು.

“ಅಲ್ಲಾಡ್ಬೇಡ.”

“ನಾನೇನು ಗಿರಾಕೀನಾ?”

“ಮಾತಾಡ್ಬೇಡ, ಬಾಯಿ ಅಲ್ಲಾಡುತ್ತೆ.”

ಚಿತ್ರ ಬಂತು! ನಡುವೆ ನನ್ನ ಕಣ್ಣು, ಮೂಗು. ಸುತ್ತ ಕಿಟಕಿ, ಪರದೆ, ನನ್ನ ಕಿವಿ ಎಲ್ಲ ಬೆಣ್ಣೆ ಕರಗಿದ ಹಾಗೆ ಕರಗಿದ್ದವು.

“ಅಳ್ತಾ ನೋಡಿದ ಹಾಗಿದೆಯಲ್ರೀ” ಎಂದೆ.

“ಅಲ್ಲ. ಬೆಳಿಗ್ಗೆ ಎದ್ದ ಕೂಡಲೇ ನೋಡಿದ ಹಾಗಿದೆ.”

ಅದಾದ ಮೇಲೆ ಇನ್ನೂ ತೆಗೆದರು. ಒಂದೂ ನಿಲ್ಲಲಿಲ್ಲ. ಒಂದರಲ್ಲಿ ನನಗೆ ಎರಡು ಮೂಗು. ಒಂದರಲ್ಲಿ ಮುಖವೇ ಗೀಚಿದ ಹಾಗೆ. ಗಾಜಿನ ತಪ್ಪಲ್ಲ. ಮೊದಲನೆಯದು ಹೇಗೋ ಕೈ ಸುಮ್ಮನಿದ್ದಾಗ ಸಿಕ್ಕಿತ್ತು. ಅವರು ಕ್ಯಾಮೆರಾದ ಹಿಂದಿನ ಪರದೆ ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು.

ನನಗೆ ಆಗ ಹೆದರಿಕೆಯಾಯಿತು. ಈ ಕೈ ಒಂದು ಸಲ ಅವರನ್ನು ಅಂಗಡಿಯಿಂದ ಎಬ್ಬಿಸಿ ಕಳಿಸಿತ್ತು. ಕ್ಯಾಮೆರಾದಲ್ಲೂ ಸೋತರೆ ಈ ಮನುಷ್ಯ ಕುರ್ಚಿ ಬಿಟ್ಟು ಮತ್ತೆ ಏಳುವುದಿಲ್ಲ. ಅದು ಅವರಿಗೂ ಗೊತ್ತಿತ್ತು. ಈ ಕೈಗೆ ಹೊಂದುವ ಲೆನ್ಸ್ ಸಿಗಬೇಕು. ಇಲ್ಲದಿದ್ದರೆ ಆ ಪೆಟ್ಟಿಗೆಯ ಜೊತೆ ಇವರನ್ನೂ ಎತ್ತಿ ಮೂಲೆಗೆ ಇಟ್ಟ ಹಾಗೆ.

ಮೂವರೂ ಕ್ಯಾಮೆರಾ ಅಂಗಡಿಗೆ ಹೋದೆವು. ಲೆನ್ಸ್ ಇಲ್ಲದೆ ಕೊಟ್ಟದ್ದಕ್ಕೆ ಆಕೆ ತಾನೇ ಕೆನ್ನೆ ಕೆನ್ನೆ ಬಡಿದುಕೊಂಡಳು. ಒಳಗಿನಿಂದ ಒಂದು ಉದ್ದನೆಯ ಲೆನ್ಸ್ ತಂದಳು. ತಿರುಗಿಸಿದರೆ ಮೂತಿ ಮುಂದೆ ಚಾಚುತ್ತಿತ್ತು.

“ಮೊದಲನೇ ಲೆನ್ಸಿಗೆ ಎಷ್ಟೋ ಜನ ಇದನ್ನೇ ಒಯ್ತಾರೆ ಸಾರ್. ಹತ್ತಿರದ್ದೂ ಬರುತ್ತೆ, ದೂರದ್ದೂ ಬರುತ್ತೆ. ಕೈ ಅಲುಗಾಟ ತಡೆಯೋ ವ್ಯವಸ್ಥೆನೂ ಒಳಗೇ ಇದೆ.”

“ತಗೋ ಅಣ್ಣ, ಇದೇ ಸರಿ” ಎಂದ ಮೈದುನ. “ಕೂತಲ್ಲೇ ಇರುವೆನೂ ಸಿಗುತ್ತೆ, ಬೆಟ್ಟನೂ ಸಿಗುತ್ತೆ.”

“ಬೆಟ್ಟ ನೋಡೋನು ನೀನು. ನಾನು ಯಾವತ್ತು ನೋಡಿದೀನಿ?”

“ಹಾಗಾದ್ರೆ ನೀವು ಏನು ನೋಡ್ತೀರಿ ಸಾರ್? ಎಷ್ಟು ದೂರದಿಂದ?” ಎಂದು ಆಕೆ ಕೇಳಿದಳು. ಬೇಕೆಂದೇ ಕೇಳಿದಳು. ಅವಳ ಮೂಗಿನ ಮೇಲಿದ್ದದ್ದು ಇವರೇ ಕೂರಿಸಿದ ಕನ್ನಡಕ. ಅದಕ್ಕಾಗಿ ಅವಳು ಒಂದು ದಿನ ತನ್ನ ಕ್ಯಾಮೆರಾ ಹೊತ್ತುಕೊಂಡು ಬಂದು ಇವರ ಕೌಂಟರಿನಲ್ಲಿ ಕೂತಿದ್ದಳು.

ಊರಿಗೆಲ್ಲ ಆ ಪ್ರಶ್ನೆ ಕೇಳಿದವರನ್ನು ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ನಾನೂ ಮೈದುನನೂ ಮುಖ ಮುಖ ನೋಡಿಕೊಂಡೆವು. “ಮುಖ” ಎಂದರು ಇವರು. “ದೂರ ಗೊತ್ತಿಲ್ಲ. ಕೂತು ನೋಡ್ಬೇಕು.”

ಆಕೆ ಇನ್ನೊಂದು ಲೆನ್ಸ್ ಇಟ್ಟಳು. ಗಿಡ್ಡನೆಯದು, ಅಂಗೈಯಲ್ಲಿ ಮುಚ್ಚಿಹೋಗುವಷ್ಟು. “ಇದಕ್ಕೆ ಒಂದೇ ಅಳತೆ. ಇದು ಮುಂದೆ ಹಿಂದೆ ಚಾಚೋದಿಲ್ಲ, ನೀವೇ ಹೋಗ್ಬೇಕು. ಅಲುಗಾಟ ತಡೆಯೋದೂ ಇದರಲ್ಲಿಲ್ಲ. ಆದ್ರೆ ಬಾಯಿ ಅಗಲ, ಬೆಳಕು ಚೆನ್ನಾಗಿ ಕುಡಿಯುತ್ತೆ. ಬೆಳಕು ಬಂದಷ್ಟೂ ಕ್ಯಾಮೆರಾ ಬೇಗ ಕಣ್ಣು ಮುಚ್ಚುತ್ತೆ. ಕೈ ನಡುಗೋಕೆ ಅಷ್ಟು ಹೊತ್ತು ಸಿಗಲ್ಲ.”

ಕೈಯ ವಿಷಯ ನಾವು ಯಾರೂ ಹೇಳಿರಲಿಲ್ಲ. ಅವಳಿಗೆ ಕಾಣುತ್ತಿತ್ತು. ಎರಡನ್ನೂ ಚೀಲಕ್ಕೆ ಹಾಕಿ, “ಸಂಜೆವರೆಗೆ ಇಟ್ಕೊಂಡು ನೋಡಿ, ಯಾವುದು ಬೇಡವೋ ಅದನ್ನ ವಾಪಸ್ ಕಳ್ಸಿ” ಎಂದಳು.

ಅಲ್ಲಿಂದ ಮೂವರೂ ನಮ್ಮ ಕನ್ನಡಕದ ಅಂಗಡಿಗೆ ಬಂದೆವು. ಇವರು ಅಲ್ಲಿಗೆ ಕಾಲಿಟ್ಟು ತಿಂಗಳುಗಳೇ ಆಗಿದ್ದವು. ಆ ದಿನವೂ ಒಳಗೆ ಬರಲಿಲ್ಲ. ಬಾಗಿಲಲ್ಲೇ ಒರಗಿ ನಿಂತು ಉದ್ದನೆಯ ಲೆನ್ಸ್ ಹಾಕಿದರು. ಮೈದುನ ಕೌಂಟರಿನ ಹಿಂದಿನ ಸ್ಟೂಲಿನ ಮೇಲೆ ಕೂತು ಒಬ್ಬ ಮೂಟೆ ಹೊರುವವನಿಗೆ ಕನ್ನಡಕ ಕೂರಿಸುತ್ತಿದ್ದ. ಇವರು ಬಾಗಿಲಿನಿಂದಲೇ ಮೂತಿ ಚಾಚಿ ಅವನ ಮುಖವನ್ನು ಹತ್ತಿರ ಎಳೆದರು. ಅವನು ಮೂತಿ ನೋಡಿದವನೇ ಠಾಣೆಯಲ್ಲಿ ನಿಂತ ಹಾಗೆ ಸೆಟೆದುಕೊಂಡ. “ಯಾಕೆ ಸಾರ್, ನಾನೇನು ಮಾಡ್ದೆ?” ಎನ್ನುತ್ತಾ ತಲೆ ತಿರುಗಿಸಿದ. ಒಳಗೆ ಬೆಳಕು ಮಂಕು. ಲೆನ್ಸಿನ ಭಾರಕ್ಕೆ ಕೈ ಇನ್ನಷ್ಟು ನಡುಗುತ್ತಿತ್ತು. ಆ ನಡುಕವನ್ನು ಲೆನ್ಸ್ ತಡೆಯಿತು, ಅಲುಗುವ ಮನುಷ್ಯನನ್ನು ತಡೆಯಲಿಲ್ಲ. ಚಿತ್ರದಲ್ಲಿ ಗೋಡೆ ನಿಂತಿತ್ತು, ಆ ಮನುಷ್ಯ ಕಲಸಿಹೋಗಿದ್ದ. ಮತ್ತೆ ತೆಗೆದರು. ಮತ್ತೆ ಹಾಗೇ.

“ಆಯ್ತು ಬಿಡು” ಎಂದು ಲೆನ್ಸ್ ಕಳಚಿದರು. “ಮನೆಗೆ ಹೋಗೋಣ.”

ಆ ದನಿ ನನಗೆ ಗೊತ್ತು. ಸ್ಕ್ರೂ ಟೀಗೆ ಬಿದ್ದ ದಿನದ ದನಿ. ನಾನು ಚೀಲ ಎತ್ತಿಕೊಂಡೆ.

ಆಗ ಮೈದುನ ಸೊಂಟ ಹಿಡಿದುಕೊಂಡು ಎದ್ದ. “ಅಯ್ಯೋ ಅಮ್ಮಾ, ಬೆನ್ನು ಹಿಡ್ಕೊಂಡ್ಬಿಡ್ತು! ಅಣ್ಣ, ಒಂದು ಗಳಿಗೆ ನಿನ್ನ ಜಾಗದಲ್ಲಿ ಕೂತ್ಕೋ. ಗಿರಾಕಿ ಬಂದಿದಾರೆ. ನಾನು ನಿಂತ್ಕೊಂಡೇ ಹಾಕ್ತೀನಿ, ನೀನು ಸುಮ್ನೆ ಇರು.” ಅವನ ಬೆನ್ನಿಗೆ ಏನೂ ಆಗಿರಲಿಲ್ಲ. ಬೆಳಿಗ್ಗೆ ನಮ್ಮ ಮನೆಯ ನೀರಿನ ಡ್ರಮ್ಮು ಒಬ್ಬನೇ ಎತ್ತಿಟ್ಟಿದ್ದ.

ಇವರು ಕೂತರು. ಕೂತ ಕೂಡಲೇ ಮೊಣಕೈಗಳು ತಾವಾಗಿಯೇ ಹೋಗಿ ಆ ಎರಡು ಗುಳಿಗಳಲ್ಲಿ ಇಳಿದವು. ಕೈ ಪೂರ್ತಿ ನಿಲ್ಲಲಿಲ್ಲ. ಆದರೆ ಕೊಂಬೆಯ ಹಾಗೆ ತೂಗುತ್ತಿದ್ದದ್ದು ಎಲೆಯ ಹಾಗೆ ಆಯಿತು.

ಎದುರಿಗೆ ಕೂತದ್ದು ಪಾತ್ರೆ ಅಂಗಡಿಯ ಅಜ್ಜಿ. ಇವರು ಜೇಬಿನಿಂದ ದಾರ ತೆಗೆದು ನನಗೆ ಒಂದು ತುದಿ ಕೊಟ್ಟರು. ಇವರ ಕಣ್ಣಿನಿಂದ ಅಜ್ಜಿಯ ಹಣೆಗೆ ಹಿಡಿದೆ. ಕೌಂಟರಿನ ಅಗಲ. ಅಷ್ಟೇ ದೂರ. ಒಂದು ಆಯುಷ್ಯವೆಲ್ಲ ಮುಖ ನೋಡಿದ್ದು ಅಲ್ಲಿಂದಲೇ, ಒಂದು ಗೇಣು ಹೆಚ್ಚಿಲ್ಲ ಕಡಿಮೆಯಿಲ್ಲ. ಗಿಡ್ಡ ಲೆನ್ಸ್ ಹಾಕಿ ನೋಡಿದರು. ಅಜ್ಜಿಯ ಹಣೆಯಿಂದ ಗಲ್ಲದವರೆಗೆ ಅಚ್ಚುಕಟ್ಟಾಗಿ ಒಳಗೆ ಕೂತಿತು.

ಮೈದುನ ಪಕ್ಕದಲ್ಲಿ ನಿಂತು ಕನ್ನಡಕ ಎತ್ತಿದ. ಇವರ ಬಾಯಿಂದ ಹಳೆಯ ಮಾತು ಬಂತು. “ಅಲ್ಲಾಡ್ಬೇಡಿ.”

“ನಾನ್ಯಾಕೆ ಅಲ್ಲಾಡ್ಲಿ? ನೀನು ಅಲ್ಲಾಡದೆ ಇದ್ರೆ ಸಾಕು ಕಣಪ್ಪ” ಎಂದಳು ಅಜ್ಜಿ.

ಮೈದುನನ ಕೈ ಗಾಳಿಯಲ್ಲೇ ನಿಂತಿತು. ಮೊದಲು ನಕ್ಕವರು ಇವರೇ. ಆಮೇಲೆ ಅಜ್ಜಿ ನಕ್ಕಳು. ನಗುತ್ತಿದ್ದ ಹಾಗೆಯೇ ಕನ್ನಡಕ ಮೂಗಿನ ಮೇಲೆ ಕೂತಿತು, ಹಣೆಯ ಗಂಟು ಬಿಚ್ಚಿತು, ಕ್ಯಾಮೆರಾ ಟಕ್ ಎಂದಿತು.

ಎಲ್ಲರೂ ಬಗ್ಗಿ ನೋಡಿದೆವು. ಅಜ್ಜಿಯ ಹುಬ್ಬಿನ ಬಿಳಿ ಕೂದಲು ಎಳೆ ಎಳೆಯಾಗಿ ಕಾಣುತ್ತಿತ್ತು. ಗಾಜಿನ ಹಿಂದೆ ಒದ್ದೆ ಕಣ್ಣು. ಕಿವಿ ಮಾತ್ರ ಮಂಜು ಮಂಜು. ಇವರು ಬಹಳ ಹೊತ್ತು ನೋಡಿದರು.

“ಉದ್ದದ್ದನ್ನ ವಾಪಸ್ ಕೊಟ್ಬಾ” ಎಂದರು ತಮ್ಮನಿಗೆ. “ಬೆನ್ನು ಸರಿಯಾಗಿದ್ರೆ.”

ಅಂದಿನಿಂದ ದಿನವೂ ಅಂಗಡಿಗೆ ಹೋದರು. ಸ್ಟೂಲು ಅವರದು. ಮೈದುನ ಪಕ್ಕದಲ್ಲಿ ನಿಂತು ಸ್ಕ್ರೂ ಹಾಕುವನು, ಇವರು ಕಾಯುವರು. ಎಲ್ಲ ಚಿತ್ರವೂ ಚೆನ್ನಾಗಿ ಬರುತ್ತಿತ್ತು ಅಂತಲ್ಲ. ಕೈ ಕೆಟ್ಟ ದಿನ ಎಲ್ಲವೂ ಕಲಸಿಹೋಗುತ್ತಿದ್ದವು. ಅಳಿಸಿಬಿಟ್ಟು, “ಇವತ್ತು ಕೈ ರಜೆ ಹಾಕಿದೆ, ನಾಳೆ ಬರುತ್ತೆ” ಎನ್ನುತ್ತಿದ್ದರು. ಚೆನ್ನಾಗಿ ಬಂದದ್ದನ್ನು ಕಾಗದಕ್ಕೆ ಹಾಕಿಸಿ ಅವರವರ ಕೈಗೆ ಕೊಡುವರು. ಬಸ್ ಡ್ರೈವರ್ ತನ್ನದನ್ನು ಬಸ್ಸಿನಲ್ಲೇ ಅಂಟಿಸಿಕೊಂಡಿದ್ದಾನೆ. ಈಗಲೂ ಇದೆ.

ಒಬ್ಬರು ಮನೆಯ ಮದುವೆಗೆ ಫೋಟೋ ತೆಗೆಯಲು ಕರೆದರು. “ಬರ್ತಿದ್ದೆ, ಆದರೆ ಮದುವೆಗೆ ಕೌಂಟರ್ ಎಲ್ಲಿಂದ ತರೋದು?” ಎಂದು ಕಳಿಸಿದರು. ಇನ್ನೊಂದು ಲೆನ್ಸ್ ತೆಗೆದುಕೊಳ್ಳಿ ಎಂದು ಹೇಳಿದವರಿಗೆ, “ನನಗಿರೋದು ಒಂದೇ ದೂರ” ಎನ್ನುತ್ತಿದ್ದರು. ಅವರ ಹಟ ಮೊದಮೊದಲು ನನಗೂ ವಿಚಿತ್ರವಾಗಿತ್ತು. ದಿನಾ ಅದೇ ಸ್ಟೂಲು, ಅದೇ ಅಗಲ, ಏನು ಬೇಜಾರಾಗುವುದಿಲ್ಲವೇ ಎಂದು. ಆಮೇಲೆ ಚಿತ್ರ ನೋಡಿ ನೋಡಿ ಅರ್ಥವಾಯಿತು. ಬೆಟ್ಟ ಒಂದು ಸಲ ನೋಡಿದರೆ ಅದೇ ಬೆಟ್ಟ. ಇಲ್ಲಿ ಬರುವವರು ದಿನಕ್ಕೊಬ್ಬರು.

ನನ್ನ ಚಿತ್ರ ಈ ಲೆನ್ಸಿನಲ್ಲಿ ತೆಗೆಯಲೇ ಇಲ್ಲ. ಕೇಳಿದರೆ, “ನಿಂದು ಆಗಲೇ ಬಂದಿದೆಯಲ್ಲ” ಎನ್ನುವರು. ಆ ದಪ್ಪ ಗಾಜಿನದು. ಅವರು ತೆಗೆದದ್ದರಲ್ಲಿ ಮನೆಯಲ್ಲಿ ಇರುವುದು ಅದೊಂದೇ.

ಕಡೆಕಡೆಗೆ ಆ ಗುಳಿಗಳೂ ಸಾಲದಾದವು. ಮೊಣಕೈ ನಿಂತರೂ ಮಣಿಕಟ್ಟು ನಿಲ್ಲುತ್ತಿರಲಿಲ್ಲ. ಮತ್ತೆ ಅದೇ ಹೆದರಿಕೆ ನನಗೆ. ಇವರು ಒಂದು ವಾರ ಏನೂ ತೆಗೆಯಲಿಲ್ಲ, ಆದರೆ ಮನೆಯ ಕಿಟಕಿಯ ಕುರ್ಚಿಗೂ ಹೋಗಲಿಲ್ಲ. ಅಂಗಡಿಯಲ್ಲೇ ನಿಂತು ಯೋಚಿಸಿದರು. ಆಮೇಲೆ ನನ್ನನ್ನು ಕರೆದರು.

“ನೀನು ಸ್ಟೂಲಿನ ಮೇಲೆ ಕೂತ್ಕೋ.”

ನಾನು ಕೂತೆ. ಅವರು ನನ್ನ ಬೆನ್ನ ಹಿಂದೆ ನಿಂತು ಕ್ಯಾಮೆರಾವನ್ನು ನನ್ನ ಬಲ ಹೆಗಲ ಮೇಲೆ ಇಟ್ಟರು. ಕಿರುಬೆರಳನ್ನು ನನ್ನ ಕತ್ತಿನ ಮೂಳೆಗೆ ಆನಿಸಿದರು. ಗಿರಾಕಿಗಳ ಕೆನ್ನೆಗೆ ಆನಿಸುತ್ತಿದ್ದ ಹಾಗೆಯೇ. ನನ್ನ ದೆಸೆಯಿಂದ ದೂರ ಸ್ವಲ್ಪ ಹೆಚ್ಚಾಯಿತು. ದಾರ ತೆಗೆದು, ಎದುರಿನ ಕುರ್ಚಿಯನ್ನು ಅಷ್ಟೇ ಹತ್ತಿರಕ್ಕೆ ಎಳೆಸಿದರು.

“ಅತ್ತಿಗೆ, ಈಗ ನೀವು ಅಂಗಡಿಯ ಸ್ಟ್ಯಾಂಡು” ಎಂದ ಮೈದುನ.

“ಸ್ಟ್ಯಾಂಡಾದ್ರೆ ತೆಪ್ಪಗಿರುತ್ತೆ. ಇದು ಮಾತಾಡುತ್ತೆ” ಎಂದರು ಇವರು. ಆಮೇಲೆ ನನ್ನ ಕಿವಿಯ ಹತ್ತಿರ ಮೆಲ್ಲಗೆ, “ಅಲ್ಲಾಡ್ಬೇಡ.”

ನಾನು ಉಸಿರು ಬಿಗಿಹಿಡಿದೆ. ಅವರ ನಡುಕ ನನ್ನ ಹೆಗಲಿಗೆ ಇಳಿಯುವುದು ಗೊತ್ತಾಗುತ್ತಿತ್ತು. ಇಳಿದು ಅಲ್ಲೇ ನಿಲ್ಲುತ್ತಿತ್ತು. ಟಕ್. ಅದು ಕೇಳಿದ ಮೇಲೆ ಉಸಿರು ಬಿಡುವುದು. ಕೊನೆಯ ವರ್ಷದ ಚಿತ್ರಗಳೆಲ್ಲ ಹಾಗೆ ತೆಗೆದವು. ಒಂದರಲ್ಲೂ ನಾನು ಕಾಣುವುದಿಲ್ಲ.

ಒಂದು ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಹಿಂದಿನ ದಿನ ಅಂಗಡಿಗೆ ಬಂದಿದ್ದರು. ಅಂದು ತೆಗೆದದ್ದು ಕ್ಯಾಮೆರಾದಲ್ಲೇ ಇತ್ತು. ಶಾಲೆಗೆ ಹೋಗುವ ಒಂದು ಹೆಣ್ಣುಮಗು, ಮೊದಲ ಕನ್ನಡಕ. ಬಾಯಿ ಅರ್ಧ ತೆರೆದಿದೆ, ರೆಪ್ಪೆ ಒಂದೊಂದೂ ಎಣಿಸಬಹುದು. ಕೈ ಸೋಲಲಿಲ್ಲ. ಮನುಷ್ಯ ಹೋದರು. ಮೈದುನ ಅದನ್ನು ಕಾಗದಕ್ಕೆ ಹಾಕಿಸಿ ಆ ಮಗುವಿನ ಮನೆಗೆ ತಾನೇ ಹೋಗಿ ಕೊಟ್ಟು ಬಂದ.

ಕ್ಯಾಮೆರಾ ಕೌಂಟರಿನ ಒಳಗೆ ಇದೆ. ಲೆನ್ಸ್ ಅದರ ಮುಖದಲ್ಲೇ ಇದೆ, ಕಳಚಿಲ್ಲ. ಮನೆಯಲ್ಲಿ ಹೊತ್ತು ಹೋಗದಾಗ ನಾನು ಹೋಗಿ ಆ ಸ್ಟೂಲಿನ ಮೇಲೆ ಕೂರುತ್ತೇನೆ. ಮೈದುನ ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಾನೆ. ಸ್ಟೂಲು ಬೇಕೇ ಎಂದು ಕೇಳಿದರೆ ನಿಂತೇ ಅಭ್ಯಾಸ ಎನ್ನುತ್ತಾನೆ. ಯಾರಾದರೂ ಬಂದು ಎದುರಿಗೆ ಕೂರುತ್ತಾರೆ. ಅವನು ಕನ್ನಡಕ ಎತ್ತಿ, “ಅಲ್ಲಾಡ್ಬೇಡಿ” ಎನ್ನುತ್ತಾನೆ.

ನನ್ನ ಬಲ ಹೆಗಲು ನಿಲ್ಲುತ್ತದೆ. ಉಸಿರು ನಿಲ್ಲುತ್ತದೆ. ಆ ಹಣೆಯ ಗಂಟು ಬಿಚ್ಚುವವರೆಗೆ ನಾನೂ ಅಲ್ಲಾಡುವುದಿಲ್ಲ.